ನ್ಯೂ ಹೇವನ್ನಿನ ಸೆರೆಮನೆಯಿದ್ದ ಸ್ಥಳ

ಅಮೆರಿಕದ ಕನೆಕ್ಟಿಕಟ್ ಸಂಸ್ಥಾನದ ಕಡಲತಡಿಯಲ್ಲಿರುವ ನ್ಯೂ ಹೇವನ್ ಪಟ್ಟಣಕ್ಕೆ ಹೋದವರು ಸಾಮಾನ್ಯವಾಗಿ ಯೇಲ್ ವಿಶ್ವವಿದ್ಯಾನಿಲಯವನ್ನು ನೋಡಿ ಹಿಂದಿರುಗುವರು. ನಾವಾದರೋ ಊರ ನಡುವಣ ಹಸುರು ಬಯಲನ್ನು ದಾಟಿ ನಗರಸಭೆಯ ಕಟ್ಟಡದ ಮುಂದೆ ನಿಂತೆವು. ಅಲ್ಲಿ 1992ರಲ್ಲಿ ಸ್ಥಾಪಿತವಾದ ಮೂರು ಮುಖಗಳುಳ್ಳ ಕಂಚಿನ ಸ್ಮಾರಕವಿದೆ. ಹಿಂದೆ ಆ ಸ್ಥಳದಲ್ಲಿ ಸೆರೆಮನೆಯಿದ್ದಿತು. 1839ರಲ್ಲಿ ಆಫ್ರಿಕದ ಮೆಂಡೆ ಜನರನ್ನು ಅದರಲ್ಲಿ ಕೂಡಿಹಾಕಿದ್ದರು. ಊರ ಜನರು ಕಾಸು ತೆತ್ತು ಅವರನ್ನು ನೋಡಿ ಹೋಗುತ್ತಿದ್ದರಂತೆ!

ಅವರ ವೃತ್ತಾಂತವು ಕರುಣಾಜನಕವಾದುದು. ಇಂದಿನ ಸಿಯೆರ್ರಾ ಲಿಯೋನ್ ತೀರದಿಂದ ಅವರನ್ನು ಸಾಗಿಸಿ, ಕ್ಯೂಬಾ ದ್ವೀಪದ ಹವಾನಾದಲ್ಲಿ ಇಬ್ಬರು ಸ್ಪ್ಯಾನಿಷರಿಗೆ ಮಾರಿದ್ದರು. ನಾಲ್ವರು ಮಕ್ಕಳೂ ಸೇರಿ 53 ಜನರನ್ನು 'ಅಮಿಸ್ಟಾಡ್' ಎಂಬ ಹಡಗಿನಲ್ಲಿ ಒಯ್ಯುತ್ತಿರಲು, ಸಿಂಕೆ ಎಂಬ ತರುಣನು ಸಂಕೋಲೆ ಕಳಚಿಕೊಂಡು ಸಂಗಡಿಗರೊಡನೆ ದಂಗೆಯೆದ್ದನು. ಹಡಗಿನ ನಾಯಕನೂ ಅಡಿಗೆಯವನೂ ಹತರಾದರು. ಮೂಡಣ ದಿಕ್ಕಿಗೆ, ತಮ್ಮ ನಾಡಿಗೆ ನಡೆಸೆಂದು ಕೊಂಡವರಲ್ಲೊಬ್ಬನಾದ ಮೋಂಟೆಸನಿಗೆ ಅಪ್ಪಣೆಯಾಯಿತು. ಅವನು ಇರುಳಿನಲ್ಲಿ ದಿಕ್ಕು ತಿರುಗಿಸಿ ವಂಚಿಸಿದನು. ಸುಮಾರು ಎರಡು ತಿಂಗಳು ಅಲೆದ ಹಡಗು ಆಗಸ್ಟ್ 26ರಂದು ಅಮೆರಿಕದ ನೌಕೆಯ ಕೈಸೇರಿತು.

ಸ್ಪೇನಿನ ರಾಯಭಾರಿಯು 1795ರ ಒಡಂಬಡಿಕೆಯನ್ನು ಮುಂದಿಟ್ಟು, ಹಡಗನ್ನೂ ಗುಲಾಮರನ್ನೂ ಒಪ್ಪಿಸಬೇಕೆಂದು ಕೇಳಿದನು. ಅಧ್ಯಕ್ಷ ವಾನ್ ಬ್ಯೂರನ್ನರ ಸರ್ಕಾರವು ಅದಕ್ಕೆ ಒಲಿದಿದ್ದಿತು. 1840ರ ಜನವರಿಯಲ್ಲಿ, ತೀರ್ಪಾಗುವ ಮೊದಲೇ, ಸೆರೆಯಾಳುಗಳನ್ನು ಮೇಲ್ಮನವಿಗೆ ಎಡೆಗೊಡದೆ ಕ್ಯೂಬಾಕ್ಕೆ ಸಾಗಿಸಲು ಯುದ್ಧನೌಕೆಯೊಂದನ್ನು ಈ ಬಂದರಿನಲ್ಲಿ ನಿಲ್ಲಿಸಿದ್ದಿತು.

ಆದರೆ 1820ರಿಂದ ಆಫ್ರಿಕದ ಗುಲಾಮರನ್ನು ತರುವುದು ಸ್ಪೇನಿನ ಶಾಸನಕ್ಕೇ ವಿರುದ್ಧವಾಗಿದ್ದಿತು. ಆದುದರಿಂದ ಕಾಗದಪತ್ರಗಳಲ್ಲಿ ಇವರಿಗೆ ಸ್ಪ್ಯಾನಿಷ್ ಹೆಸರುಗಳನ್ನಿಟ್ಟು, ಕ್ಯೂಬಾದಲ್ಲಿ ಬಹುಕಾಲದಿಂದ ಇದ್ದವರೆಂದು ಬರೆದಿದ್ದರು. ಈ ಸುಳ್ಳನ್ನು ಬಯಲಿಗೆಳೆಯಬಲ್ಲವರು ಸೆರೆಯಾಳುಗಳೇ. ಅವರ ನುಡಿಯಾದರೋ ಯಾರಿಗೂ ತಿಳಿಯದು. ಯೇಲಿನ ಪ್ರಾಧ್ಯಾಪಕರಾದ ಗಿಬ್ಸ್ ಎಂಬವರು ಒಂದರಿಂದ ಹತ್ತರವರೆಗೆ ಎಣಿಸುವುದನ್ನು ಅವರಿಂದಲೇ ಕಲಿತು, ನ್ಯೂಯಾರ್ಕಿನ ಹಡಗುಕಟ್ಟೆಗಳಲ್ಲಿ ಅದನ್ನೇ ಗಟ್ಟಿಯಾಗಿ ಹೇಳುತ್ತ ತಿರುಗಿದರು. ಬ್ರಿಟಿಷ್ ನೌಕೆಯ ನಾವಿಕನಾದ ಜೇಮ್ಸ್ ಕೋವಿಯು ಆ ಮಾತನ್ನು ಗುರುತಿಸಿದನು. ಅವನೂ ಹಿಂದೆ ಗುಲಾಮನಾಗಿ ಮಾರಲ್ಪಟ್ಟವನೇ. ಅವನು ಸೆರೆಮನೆಗೆ ಬಂದು ಮೆಂಡೆ ನುಡಿಯಲ್ಲಿ ಮಾತನಾಡಿಸಿದಾಗ ಒಳಗಿನವರಿಗಾದ ಆನಂದವನ್ನು ವಾಚಕರೇ ಊಹಿಸಿಕೊಳ್ಳಬಹುದು.

ಆ ನಾವಿಕನ ಬಾಯಿಂದ ಅವರ ಕಥೆ ನ್ಯಾಯಾಲಯವನ್ನು ಮುಟ್ಟಿತು. ಕೆಳಗಿನ ನ್ಯಾಯಾಧೀಶರು ಅವರ ಪರವಾಗಿಯೇ ತೀರ್ಪಿತ್ತರು. ಸರ್ಕಾರವು ಮೇಲಕ್ಕೆ ಹೋಯಿತು. ವರಿಷ್ಠ ನ್ಯಾಯಾಲಯದಲ್ಲಿ ಹಿಂದಿನ ಅಧ್ಯಕ್ಷರಾದ ಜಾನ್ ಕ್ವಿನ್ಸಿ ಆಡಮ್ಸರು ತಮ್ಮ 73ನೆಯ ವಯಸ್ಸಿನಲ್ಲಿ ಇವರಿಗಾಗಿ ವಾದಿಸಿದರು. ಇವರು ಯಾರ ಸೊತ್ತೂ ಅಲ್ಲ, ಬಲಾತ್ಕಾರದಿಂದ ತರಲ್ಪಟ್ಟ ಸ್ವತಂತ್ರರು ಎಂದು 1841ರ ಮಾರ್ಚ್ 9ರಂದು ತೀರ್ಪಾಯಿತು.

ಆ ತೀರ್ಪು ಗುಲಾಮಗಿರಿಯನ್ನೇ ಅನ್ಯಾಯವೆನ್ನಲಿಲ್ಲ. ಅಮೆರಿಕವು ಅದನ್ನು ತೊಡೆದುದು 1865ರಲ್ಲಿ. ಬಿಡುಗಡೆಯಾದವರನ್ನು ಊರಿಗೆ ಕಳುಹಿಸುವ ಭಾರವನ್ನೂ ಸರ್ಕಾರವು ಹೊರಲಿಲ್ಲ. ದಯಾವಂತರು ಕೂಡಿಸಿದ ಹಣದಿಂದ 1842ರ ಜನವರಿಯಲ್ಲಿ ಸಿಯೆರ್ರಾ ಲಿಯೋನಿನ ತೀರವನ್ನು ಮುಟ್ಟಿದವರು 35 ಜನ. ಸ್ಪೇನ್ ಮಾತ್ರ ತನಗಾದ ನಷ್ಟವನ್ನು ತುಂಬಿಕೊಡಬೇಕೆಂದು ಮುಂದೆಯೂ ಅನೇಕ ವರ್ಷ ಕೇಳುತ್ತಲೇ ಇದ್ದಿತು. ಆ ಹಣವು ಎಂದೂ ಸಲ್ಲಲಿಲ್ಲ.