ಹನುಮಂತ ಮತ್ತೆ ಯಾವಾಗ ಬರುತ್ತಾನೆ

ಶನಿವಾರ ಬೆಳಿಗ್ಗೆ ಮಾರುತಿ ಮಂದಿರದಿಂದ ಮರಳಿದ ಅಪ್ಪಯ್ಯ ಚಪ್ಪಲಿ ಕಳಚುವ ಮೊದಲೇ ಕೇಳುವುದು ಒಂದೇ ಮಾತು. "ಏ ಮಾಣಿ, ಅದ್ ಯಾವಾಗ ಬತ್ತ್ ಅಂಬ್ರ್?" ಮಾಣಿ ಎಂದರೆ ನನ್ನ ಮಗ, ಹದಿಮೂರು ವರ್ಷದವನು. ಅದು ಎಂದರೆ 'ಜೈ ಹನುಮಾನ್' ಸಿನಿಮಾ. "ಇನ್ನೂ ಇಲ್ಲೆ ಅಜ್ಜಯ್ಯ" ಎಂದು ಅವನು ಹಾಸಿಗೆಯಿಂದಲೇ ಕೂಗುತ್ತಾನೆ. ಅಪ್ಪಯ್ಯ ಕೈಯಲ್ಲಿದ್ದ ಎಕ್ಕದ ಎಲೆಯನ್ನು ದೇವರ ಗೂಡಿನಲ್ಲಿಟ್ಟು, ಬೆರಳಿಗೆ ಅಂಟಿದ ಸಿಂಧೂರವನ್ನು ಒರೆಸಿಕೊಳ್ಳದೆ ಚಾ ಕುಡಿಯಲು ಕೂರುತ್ತಾರೆ.

ನಾವಿರುವುದು ಠಾಣೆ ಪೂರ್ವದ ಕೋಪರಿಯಲ್ಲಿ. ಖಾಡಿಯ ಕಡೆಗೆ ಮೀನುಗಾರರ ಹಳೆಯ ಮನೆಗಳು, ಈಚೆ ದೇಶ ಒಡೆದಾಗ ಎಲ್ಲ ಬಿಟ್ಟು ಬಂದ ಸಿಂಧಿಗಳ ಕಾಲನಿ, ಇವೆರಡರ ನಡುವೆ ಹೋಟೆಲಿನ ಕೆಲಸಕ್ಕೆಂದು ಬಂದು ಇಲ್ಲೇ ಉಳಿದ ನಮ್ಮಂಥ ಕರಾವಳಿಯವರು. ಅಪ್ಪಯ್ಯ ವಂಡ್ಸೆಯ ಆಸುಪಾಸಿನ ಊರಿನವರು. ಹದಿನಾಲ್ಕಕ್ಕೆ ಬಸ್ಸು ಹತ್ತಿ ಬಂದು, ಹಗಲಲ್ಲಿ ಗ್ಲಾಸು ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಕೊನೆಗೆ ಗಲ್ಲೆಯ ಮೇಲೆ ಕೂತವರು. ಊರಿನ ಹನುಮಂತನಿಗೆ ಬೆಣ್ಣೆಯ ಅಲಂಕಾರ. ಇಲ್ಲಿಯ ಮಾರುತಿಗೆ ಎಣ್ಣೆ, ಸಿಂಧೂರ, ಎಕ್ಕದ ಎಲೆಯ ಹಾರ. ಮೊದಮೊದಲು ಗುರುತೇ ಸಿಗಲಿಲ್ಲವಂತೆ ಅವರಿಗೆ. ಆಮೇಲೆ ಇಬ್ಬರೂ ಒಬ್ಬನೇ ಎಂದು ಒಳಗಿನಿಂದ ಗೊತ್ತಾಯಿತು ಎನ್ನುತ್ತಾರೆ.

ಮೊದಲ ಭಾಗ 'ಹನುಮಾನ್' ಬಂದದ್ದು 2024ರ ಜನವರಿ 12ರಂದು. ಪ್ರಶಾಂತ್ ವರ್ಮ ನಿರ್ದೇಶಿಸಿದ ತೆಲುಗು ಚಿತ್ರ. ನಾವು ಸಂಕ್ರಾಂತಿಯ ದಿನ ಠಾಣೆಯ ಮಾಲ್ ಒಂದರಲ್ಲಿ ಹಿಂದಿಯಲ್ಲಿ ನೋಡಿದೆವು. ಮಗನ ಜೇಬಿನಲ್ಲಿ ಪಕ್ಕದ ಮನೆಯವರು ಕೊಟ್ಟ ತಿಳ್‌ಗುಳ್. ಅವನು ಹೊರಟದ್ದು ಅಜ್ಜನ ಒತ್ತಾಯಕ್ಕೆ. ಅವನ ವೀರರೆಲ್ಲ ಅಮೆರಿಕದ ಸಿನಿಮಾದವರು. ಕಬ್ಬಿಣದ ಕವಚದವನು, ಬಲೆ ನೇಯುವವನು, ಸುತ್ತಿಗೆ ಹಿಡಿದವನು. ಅಪ್ಪಯ್ಯನ ಪಾಲಿಗೆ ವೀರನೆಂದರೆ ಮಾರಣಕಟ್ಟೆ ಮೇಳದ ಯಕ್ಷಗಾನದ ಆಟದಲ್ಲಿ ಬೆಳಗಿನ ಜಾವ ಕಂಡವನು. ಆ ಎರಡೂವರೆ ಗಂಟೆಯ ಕತ್ತಲಲ್ಲಿ ಇಬ್ಬರೂ ಒಂದೇ ಕಡೆ ನೋಡುತ್ತ, ಒಂದೇ ಜಾಗದಲ್ಲಿ ಉಸಿರು ಹಿಡಿಯುತ್ತ ಕೂತಿದ್ದನ್ನು ನಾನು ನಡುವಿನ ಸೀಟಿನಿಂದ ಕಂಡೆ. ಆ ದಿನಕ್ಕಾಗಿಯೇ ಆ ಚಿತ್ರದ ಮೇಲೆ ನನಗೆ ಋಣವಿದೆ.

ಕತೆ ಗೊತ್ತಿಲ್ಲದವರಿಗೆ ಒಂದು ಮಾತು. ಅಂಜನಾದ್ರಿ ಎಂಬ ಹಳ್ಳಿ. ಅಲ್ಲಿ ಹನುಮಂತು ಎಂಬ ಚಿಲ್ಲರೆ ಕಳ್ಳ. ಆ ಪಾತ್ರ ತೇಜ ಸಜ್ಜಾ ಅವರದು. ಬಾಲ ಹನುಮ ಇಂದ್ರನ ವಜ್ರದ ಏಟು ತಿಂದಾಗ ಬಿದ್ದ ರಕ್ತದ ಹನಿಯೊಂದು ಕಡಲಿನ ಚಿಪ್ಪು ಸೇರಿ ಮಣಿಯಾಗಿದೆ. ಅದು ಇವನಿಗೆ ಸಿಗುತ್ತದೆ. ಸೂರ್ಯನ ಬೆಳಕು ಮಣಿಯೊಳಗೆ ಹಾಯ್ದಾಗ ಮಾತ್ರ ಬಲ. ಹೊತ್ತು ಮುಳುಗಿತೆಂದರೆ ಮತ್ತೆ ಅದೇ ಬಡ ಹುಡುಗ. ಈ ಮಿತಿ ನನಗೆ ಬಹಳ ಹಿಡಿಸಿತು. ಹಗಲು ಮುಗಿಯುತ್ತಿದೆ ಎಂಬ ಆತಂಕವಿಲ್ಲದ ಬಲಕ್ಕೆ ಕತೆಯಲ್ಲಿ ಏನು ಕೆಲಸ?

ಅದಕ್ಕಿಂತ ಹೆಚ್ಚು ಮನಸ್ಸಿನಲ್ಲಿ ಉಳಿದದ್ದು ಖಳನಾಯಕ ಮೈಕೇಲ್. ವಿನಯ್ ರೈ ಮಾಡಿದ ಪಾತ್ರ. ಚಿಕ್ಕಂದಿನಿಂದ ಅವನಿಗೆ ಸೂಪರ್‌ಹೀರೊ ಆಗುವ ಹುಚ್ಚು. ಪುಸ್ತಕದ ಹೀರೊಗಳಿಗೆಲ್ಲ ಅಪ್ಪ ಅಮ್ಮ ಇಲ್ಲ ಎಂದು ಕಂಡುಕೊಂಡವನು ತನ್ನ ಹೆತ್ತವರನ್ನೇ ಕೊಲ್ಲುತ್ತಾನೆ. ಇತ್ತ ಹನುಮಂತುವಿಗೆ ಇರುವುದೆಲ್ಲ ಅಕ್ಕ. ಬೈದು ಬಡಿದು ಸಾಕಿದವಳು, ಅವನ ಮೈಮೇಲೆ ಕೈಯಿಟ್ಟವರಿಗೆ ತೆಂಗಿನಕಾಯಿಯ ಗೊನೆಯನ್ನೇ ಗದೆ ಮಾಡಿಕೊಂಡು ಬಡಿಯುವವಳು. ಸಿನಿಮಾ ಮುಗಿಸಿ ಬರುವಾಗ ರಿಕ್ಷಾದಲ್ಲಿ ಅಪ್ಪಯ್ಯ ಮಗನಿಗೆ ಹೇಳಿದ್ದು ಇಷ್ಟೇ. "ನಮ್ಮವನ ಹೆಸ್ರೇ ಅಬ್ಬಿ ಹೆಸ್ರ್ ಮಾಣಿ. ಆಂಜನೇಯ." ಅಬ್ಬಿ ಎಂದರೆ ತಾಯಿ. ಅಂಜನೆಯ ಮಗ ಎಂಬುದೇ ಅವನ ಗುರುತು. ಆಮೇಲಿನ ಗುರುತು ರಾಮನ ಬಂಟ. ಒಂಟಿ ವೀರನಲ್ಲ ಅವನು, ಯಾರಿಗೋ ಸೇರಿದವನು. ತನ್ನ ಬಲವನ್ನೂ ತಾನೇ ನೆನಪಿಟ್ಟುಕೊಂಡವನಲ್ಲ. ಕಡಲ ದಂಡೆಯಲ್ಲಿ ಎಲ್ಲರೂ ತಮ್ಮ ತಮ್ಮ ಜಿಗಿತದ ಲೆಕ್ಕ ಹೇಳುತ್ತಿದ್ದಾಗ ಒಂದು ಬದಿಗೆ ಸುಮ್ಮನೆ ಕೂತವನಿಗೆ ಮುದುಕ ಜಾಂಬವಂತ ಬಂದು, ನೀನು ಯಾರು ಗೊತ್ತೇನು ಎಂದು ನೆನಪಿಸಬೇಕಾಯಿತು.

ಎರಡನೇ ಭಾಗದ ಬಗ್ಗೆ ನನಗಿರುವ ಆಸೆ, ಅನುಮಾನ ಎರಡೂ ಇಲ್ಲೇ ಇವೆ. ಮೊದಲ ಭಾಗದ ಕೊನೆಯಲ್ಲಿ ಹಿಮಾಲಯದ ಹಿಮದೊಳಗೆ ತಪಸ್ಸಿಗೆ ಕೂತಿದ್ದ ಹನುಮಂತನೇ ಎದ್ದು ಬರುತ್ತಾನೆ. ರಾಮನಿಗೆ ಅವನು ಕೊಟ್ಟ ಮಾತು ಏನು ಎಂಬ ಪ್ರಶ್ನೆಯನ್ನು ತೂಗಿಬಿಟ್ಟು, 2025ರಲ್ಲಿ ಉತ್ತರ ಎಂದು ಪರದೆ ಕಪ್ಪಾಯಿತು. 2025 ಬಂತು, ಹೋಯಿತು. ಸಿನಿಮಾ ಬರಲಿಲ್ಲ. ಮಗ ತಡವಾದಷ್ಟೂ ಭಯಪಡುತ್ತಾನೆ. ಡಿಸೆಂಬರ್ 2026ಕ್ಕೆ ಮುಂದೆ ಹೋದ ಅವನ 'ಅವೆಂಜರ್ಸ್' ಚಿತ್ರದ ಬಗ್ಗೆಯೂ ಇದೇ ಭಯ. ಅಪ್ಪಯ್ಯ ಹೇಳುವುದು ಬೇರೆ. ತಡವಾದರೆ ಆಗಲಿ, ಅರೆಬೆಂದದ್ದನ್ನು ಗಿರಾಕಿಯ ಮುಂದೆ ಇಡಬಾರದು. ಐವತ್ತು ವರ್ಷ ಹೋಟೆಲು ನೋಡಿದವರ ಮಾತು ಅದು.

2024ರ ಅಕ್ಟೋಬರ್ 30ರಂದು, ದೀಪಾವಳಿಯ ಹೊಸ್ತಿಲಲ್ಲಿ, ಮೊದಲ ಚಿತ್ರಪಟ ಹೊರಬಿತ್ತು. ಹನುಮಂತನಾಗುವವರು ರಿಷಬ್ ಶೆಟ್ಟಿ. ಮಗ ಫೋನು ಹಿಡಿದು ಓಡಿ ಬಂದ. ಅಪ್ಪಯ್ಯ ಕನ್ನಡಕ ಹುಡುಕಿ ಹಾಕಿಕೊಂಡು, ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. "ಕೆರಾಡಿ ಮಾಣಿ!" ಎಂದರು. ಕೆರಾಡಿಗೂ ನಮ್ಮೂರಿಗೂ ದೂರವೇನಿಲ್ಲ. ಆ ಊರಿನಿಂದ ಹೊರಟು, ಒಂದು ಕಾಲಕ್ಕೆ ಇದೇ ಮುಂಬಯಿಯ ಅಂಧೇರಿಯಲ್ಲಿ ಆಫೀಸು ಹುಡುಗನಾಗಿ ದುಡಿದೆ ಎಂದು ತಾವೇ ಹೇಳಿಕೊಂಡವರು, 'ಕಾಂತಾರ'ಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು ಹನುಮಂತನಾಗುತ್ತಾರೆ ಎಂದರೆ ನಮ್ಮ ಮನೆಯಲ್ಲಿ ಅದು ಬರಿಯ ಸಿನಿಮಾ ಸುದ್ದಿಯಾಗಿ ಉಳಿಯಲಿಲ್ಲ. ಊರಿಗೆ ಫೋನು ಹೋಯಿತು. ಊರಿನಿಂದ ಡೊಂಬಿವಲಿಯ ಚಿಕ್ಕಮ್ಮನಿಗೆ ಹೋಯಿತು.

ಆ ಚಿತ್ರಪಟವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಗದೆ ಎತ್ತಿದ್ದಲ್ಲ, ಹಾರಿದ್ದಲ್ಲ. ಮೊಣಕಾಲೂರಿ ಕೂತ ದೊಡ್ಡ ಮೈ, ಹರಡಿದ ಕೂದಲು, ಎರಡೂ ಕೈಗಳಲ್ಲಿ ರಾಮನ ವಿಗ್ರಹವನ್ನು ಎದೆಗೊತ್ತಿಕೊಂಡ ಭಂಗಿ. ಅಷ್ಟು ಬಲವಿರುವ ತೋಳುಗಳು ಮಗುವನ್ನು ಎತ್ತಿಕೊಂಡಷ್ಟು ಹಗುರವಾಗಿ ಬಾಗಿವೆ. ಇದನ್ನು ಮೊದಲು ತೋರಿಸಬೇಕೆಂದು ತೀರ್ಮಾನಿಸಿದವರಿಗೆ ಹನುಮಂತ ಗೊತ್ತು ಎಂದು ನನಗೆ ಅನ್ನಿಸಿತು. ನನ್ನ ಭರವಸೆಗೆ ಆಧಾರ ಇದೊಂದೇ, ಮತ್ತು ಅದು ಸಣ್ಣದಲ್ಲ.

ಅಪ್ಪಯ್ಯನ ತಕರಾರು ಮಾತ್ರ ಮುಖದ ಬಗ್ಗೆ. "ಮುಸುಡ್ ಎಲ್ಲಿತ್ತ್?" ಗಡ್ಡ ಬಿಟ್ಟ ಮನುಷ್ಯನ ಮುಖ ಅದು, ವಾನರನದಲ್ಲ. ರಮಾನಂದ ಸಾಗರರ 'ರಾಮಾಯಣ'ದಲ್ಲಿ ದಾರಾಸಿಂಗ್ ಅವರ ಹನುಮಂತನಿಗೆ ಮುಂಚಾಚಿದ ಮೂತಿಯಿತ್ತು. ಆ ಮೂತಿಯ ಮೇಲಿನ ಎರಡು ಕಣ್ಣುಗಳಲ್ಲಿ ಕಂಡ ಪ್ರೀತಿಯನ್ನು ಅಪ್ಪಯ್ಯ ಇಂದಿಗೂ ಹೇಳುತ್ತಾರೆ. ಅವರ ವಾದ ನನಗೆ ಸರಿ ಎನ್ನಿಸುತ್ತದೆ. ಬಲಶಾಲಿ ಮನುಷ್ಯ ಬಾಗಿದರೆ ವಿನಯ ಎನ್ನುತ್ತೇವೆ. ಕಾಡಿನ ಜೀವವೊಂದು ಬಾಗಿದಾಗ ಕಾಡೇ ಬಾಗಿದಂತೆ. ಅದು ಕಳೆದುಹೋಗಬಾರದು.

ಮೇಳದ ಒಬ್ಬ ವೇಷಧಾರಿಯನ್ನು ಅಪ್ಪಯ್ಯ ಬಾಲ್ಯದಲ್ಲಿ ಬಣ್ಣ ಹಚ್ಚುವ ಚೌಕಿಯಲ್ಲಿ ಕೂತು ನೋಡುತ್ತಿದ್ದರಂತೆ. 'ಚೂಡಾಮಣಿ' ಪ್ರಸಂಗದ ದಿನ ಆತ ಮೀನು ಮುಟ್ಟುತ್ತಿರಲಿಲ್ಲ. ಕೈಗನ್ನಡಿಯನ್ನು ದೀಪಕ್ಕೆ ತಿರುಗಿಸಿ ಹಿಡಿದು ಮೊದಲು ಹುಬ್ಬು, ಆಮೇಲೆ ಕೆನ್ನೆ, ಕೊನೆಗೆ ಬಾಯಿಯ ಸುತ್ತ ಬಣ್ಣ. ಬಾಯಿಗೆ ಬಣ್ಣ ಬಿದ್ದ ಮೇಲೆ ಯಾರೊಂದಿಗೂ ಮಾತಿಲ್ಲ. ರಂಗಸ್ಥಳದಲ್ಲಿ ಲಂಕೆಯನ್ನೆಲ್ಲ ಕುಣಿದು ಸುಡಲಿರುವವನು ಸೀತೆಯ ಮುಂದೆ ಕೂತು ಉಂಗುರ ನೀಡುವಾಗ ಚಂಡೆ ನಿಂತು ಮದ್ದಳೆ ಮಾತ್ರ ಉಳಿಯುತ್ತಿತ್ತು. ಆ ಹೊತ್ತಿಗೆ ಆಟ ನೋಡುವ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು ಎಂದು ಅಪ್ಪಯ್ಯ ನೆನೆಯುತ್ತಾರೆ. 'ಕಾಂತಾರ'ದ ಆ ಕೂಗು ನಮ್ಮ ಮೈಯನ್ನು ನಡುಗಿಸಿತು, ನಿಜ. ಅದು ದೈವದ ಕೂಗು. ಹನುಮಂತನಿಗೂ ಅದೇ ಅಬ್ಬರ ಬಂದರೆ ಏನು ಗತಿ ಎಂಬುದು ನನ್ನ ಎರಡನೆಯ ಅನುಮಾನ. ರಿಷಬ್ ಅವರಿಗೆ ಮದ್ದಳೆಯೊಂದೇ ಉಳಿಯುವ ಹೊತ್ತು ಗೊತ್ತಿಲ್ಲದೆ ಇಲ್ಲ. ಆ ನೆಲದವರು ಅವರು.

ಮೂರನೆಯದು ಹಣ. 40 ಕೋಟಿಯ ಆಸುಪಾಸಿನಲ್ಲಿ ಮುಗಿಸಿದ್ದೆಂದು ಹೇಳುವ ಮೊದಲ ಚಿತ್ರದಲ್ಲಿ ಒಂದೊಂದು ದೃಶ್ಯಕ್ಕೂ ಯೋಚನೆ ಮಾಡಿದ ಗುರುತಿತ್ತು. ಅದರ ಗೆಲುವಿನ ಮೇಲೆ ಈಗ ಮೈತ್ರಿ ಮೂವಿ ಮೇಕರ್ಸ್‌ನಂಥ ದೊಡ್ಡ ಸಂಸ್ಥೆ, 'ಅಧೀರ', 'ಮಹಾಕಾಳಿ' ಎಂದು ಸಾಲು ಚಿತ್ರಗಳು, ಒಂದು ಇಡೀ ಲೋಕ. ಮಗನಿಗೆ ಇದು ಹಬ್ಬ. ನನಗೆ 2023ರ ಜೂನ್ ನೆನಪಾಗುತ್ತದೆ. ನೂರಾರು ಕೋಟಿಯ 'ಆದಿಪುರುಷ್' ಬಂದಾಗ ಪ್ರತಿ ಪ್ರದರ್ಶನದಲ್ಲೂ ಒಂದು ಸೀಟನ್ನು ಹನುಮಂತನಿಗಾಗಿ ಖಾಲಿ ಬಿಡುತ್ತೇವೆ ಎಂದು ಚಿತ್ರತಂಡ ಹೇಳಿತ್ತು. ಅಪ್ಪಯ್ಯ ಆ ಮಾತಿಗೆ ಕರಗಿ ಹೋದರು. ನಮ್ಮೂರಿನಲ್ಲಿ ರಾಮಾಯಣ ಓದುವಾಗ ಅವನಿಗೊಂದು ಮಣೆ ಹಾಕಿಡುತ್ತಿದ್ದರು. ಅವನು ಬಂದು ಕೇಳುತ್ತಾನೆ. ಆ ಚಿತ್ರದಲ್ಲಿ ಮಾರುತಿಯಾದದ್ದು 'ಜಯ್ ಮಲ್ಹಾರ್' ಮರಾಠಿ ಧಾರಾವಾಹಿಯಿಂದ ಇಲ್ಲಿ ಮನೆಮಾತಾದ ದೇವದತ್ತ ನಾಗೆ. ನಟನ ತಪ್ಪಿರಲಿಲ್ಲ. ಲಂಕೆಯಲ್ಲಿ ಹನುಮಂತನ ಬಾಯಿಗೆ ಕೊಟ್ಟ ಮಾತುಗಳು ಬೀದಿಜಗಳದವು. ಜನ ಸಿಟ್ಟಾದ ಮೇಲೆ ಅವನ್ನು ತಿದ್ದಿದರು. ನಾವು ನೋಡಿದ್ದು ತಿದ್ದುವ ಮೊದಲು. ಅಪ್ಪಯ್ಯ ಮನೆಗೆ ಬಂದು ಊಟ ಮಾಡದೆ ಮಲಗಿದರು.

ಕಳೆದ ವರ್ಷ ಊರಿಗೆ ಹೋಗುವಾಗ ದಾರಿ ಬಳಸಿ ಆನೆಗೊಂದಿಗೆ ಹೋದೆವು. ಅಲ್ಲಿಯದು ನಿಜವಾದ ಅಂಜನಾದ್ರಿ; 575 ಮೆಟ್ಟಿಲು. ಹನುಮಂತ ಹುಟ್ಟಿದ್ದು ನಮ್ಮಲ್ಲಿ ಎಂದು 2021ರಲ್ಲಿ ತಿರುಮಲದವರು ಹೇಳಿದರು. ನಾಸಿಕದಿಂದ ತ್ರ್ಯಂಬಕಕ್ಕೆ ಹೋಗುವ ದಾರಿಯ ಅಂಜನೇರಿಯವರು ತಮ್ಮಲ್ಲಿ ಎನ್ನುತ್ತಾರೆ. ಗೋಕರ್ಣದ ಹೆಸರೂ ಬಂತು. ಇಷ್ಟು ಊರುಗಳು ಒಂದು ಮಗುವನ್ನು ತಮ್ಮದೆಂದು ಎಳೆದುಕೊಳ್ಳುವುದರಲ್ಲಿ ನನಗೆ ಜಗಳಕ್ಕಿಂತ ವಾತ್ಸಲ್ಯವೇ ಹೆಚ್ಚು ಕಂಡಿದೆ. ಅಪ್ಪಯ್ಯ ಅರ್ಧ ಹತ್ತಿ ಬಂಡೆಯ ನೆರಳಿಗೆ ಕೂತರು. ಕೆಳಗೆ ತುಂಗಭದ್ರೆ, ಭತ್ತದ ಗದ್ದೆ, ಯಾರೋ ಎತ್ತಿ ಪೇರಿಸಿದ ಹಾಗೆ ಬಂಡೆಗಳು. ಮರಿ ಕೋತಿಯೊಂದು ತಾಯಿಯ ಹೊಟ್ಟೆಗೆ ಅಂಟಿಕೊಂಡೇ ಮಗನ ಕೈಯಿಂದ ಬಾಳೆಹಣ್ಣು ಕಿತ್ತಿತು. ಮೈಕೇಲನ ಲೆಕ್ಕ ತಪ್ಪು ಎಂಬುದಕ್ಕೆ ಇನ್ನೇನು ಬೇಕಿತ್ತು?

ನನಗೊಂದು ಆಸೆ ಉಳಿದಿದೆ, ಸ್ವಲ್ಪ ದೊಡ್ಡದೇ. ಅಶೋಕವನದ ಮರದಲ್ಲಿ ಕೂತ ಹನುಮಂತ, ಸೀತೆಯೊಡನೆ ಯಾವ ಮಾತಿನಲ್ಲಿ ಮಾತಾಡಲಿ ಎಂದು ಯೋಚಿಸುವುದನ್ನು ವಾಲ್ಮೀಕಿ ಹೇಳುತ್ತಾರೆ. ಪಂಡಿತರ ಸಂಸ್ಕೃತ ಆಡಿದರೆ ರಾವಣನೆಂದು ತಿಳಿದು ಹೆದರಿಯಾಳು. ಸಾಮಾನ್ಯ ಜನರ ಮಾತೇ ಸರಿ ಎಂದುಕೊಳ್ಳುತ್ತಾನೆ. ಕಡಲು ಹಾರಿದ್ದಕ್ಕಿಂತ ಈ ಯೋಚನೆ ನನಗೆ ದೊಡ್ಡದು. ಕೆರಾಡಿಯವರೇ ಹನುಮಂತನಾಗುವಾಗ ಠಾಣೆಯಲ್ಲಿ ಅವನು ಕನ್ನಡದಲ್ಲೂ ಮಾತಾಡಲಿ, ಅವರದೇ ದನಿಯಲ್ಲಿ. ಹೋಟೆಲು ಕೆಲಸದವರು ರಜೆ ಹಾಕಿ ಬರುತ್ತಾರೆ. ಬೆಳಗಿನ ಒಂದೇ ಪ್ರದರ್ಶನವಾದರೂ ಸಾಕು.

ಮೊನ್ನೆ ಶನಿವಾರ ಅಪ್ಪಯ್ಯ ಬಂದವರು ಯಾವಾಗ ಎಂದು ಕೇಳಲಿಲ್ಲ. ಮಂಡಿ ನೋವು ಹೆಚ್ಚಾಗಿತ್ತು. ಮೊದಲು ಕೂತರು, ನೀರು ಕುಡಿದರು. "ಮಾಣಿ, ಮೆಟ್ಲ್ ಇಲ್ಲದ ಸಾಲ್ ಕಾಣ್" ಎಂದರು. ಮಗ ಫೋನಿನಲ್ಲಿ ಆ ಥಿಯೇಟರಿನ ಸೀಟುಗಳ ನಕ್ಷೆ ತೆಗೆದು ತೋರಿಸಿದ. ಯಾವುದೋ ಬೇರೆ ಸಿನಿಮಾದ ನಕ್ಷೆ. ಬಾಗಿಲಿಗೆ ಹತ್ತಿರದ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿ ಮೂರು, ಅಜ್ಜಯ್ಯ" ಎಂದ.

ಅಪ್ಪಯ್ಯ ಸಿಂಧೂರದ ಬೆರಳನ್ನು ಪಕ್ಕದ ಖಾಲಿ ಚೌಕಕ್ಕೆ ಒತ್ತಿದರು. "ನಾಲ್ಕ್ ತೆಗಿ" ಎಂದರು.