ಬಿಳಿಮೀನಿನ ಮಡು

"ನಿಂತ್ಕಬ್ಯಾಡಿ ಸಾ, ಕುಂತ್ಕಳಿ. ಅಂಚಿಗೆ ಒರಗಬ್ಯಾಡಿ."

ಕೂರುತ್ತೀರಿ. ಕೂರಲು ಹಲಗೆಯೇನೂ ಇಲ್ಲ, ತೆಪ್ಪದ ತಳದಲ್ಲೇ ಚಕ್ಕಳಮಕ್ಕಳ. ಬಿದಿರ ದಬ್ಬೆಯಲ್ಲಿ ಹೆಣೆದ ದೊಡ್ಡ ಬುಟ್ಟಿ. ಹೊರಗೆ ಪ್ಲಾಸ್ಟಿಕ್ ಹೊದಿಸಿ ಡಾಂಬರು ಬಳಿದಿದ್ದಾರೆ. ಮೊದಲು ತೊಗಲು ಹೊದಿಸುತ್ತಿದ್ದರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ತೊಗಲು ಹೊದಿಸಿದ ಬುಟ್ಟಿಗಳಲ್ಲಿ ಜನ ಹೊಳೆ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ಐನೂರು ವರ್ಷದಲ್ಲಿ ಬದಲಾದದ್ದು ಹೊದಿಕೆ, ಮತ್ತೆ ನಿಮ್ಮ ಕತ್ತಿಗೆ ಒತ್ತುತ್ತಿರುವ ಈ ಲೈಫ್ ಜಾಕೆಟ್. ತೊಡೆಯಡಿ, ಒಂದು ದಬ್ಬೆಯ ಆಚೆಗೆ ಕಾವೇರಿ ಹರಿಯುತ್ತಿರುವುದು ತಣ್ಣಗೆ ತಿಳಿಯುತ್ತದೆ.

ಅಂಬಿಗ ಕುಕ್ಕರಗಾಲಲ್ಲಿ ಕೂತು ಹುಟ್ಟನ್ನು ನೀರಿಗಿಳಿಸಿ ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ಭೀಮೇಶ್ವರಿಯ ದಡ ಹಿಂದಕ್ಕೆ ಸರಿಯುತ್ತದೆ, ಪಕ್ಕಕ್ಕೆ ಬರುತ್ತದೆ, ಇದ್ದಕ್ಕಿದ್ದಂತೆ ಎದುರಿಗೇ ಬಂದು ನಿಲ್ಲುತ್ತದೆ. ದುಂಡು ತೆಪ್ಪಕ್ಕೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ಎಡದಡ ಮಂಡ್ಯ ಜಿಲ್ಲೆ, ಬಲದಡ ಚಾಮರಾಜನಗರ. ಎರಡು ಸುತ್ತು ತಿರುಗುವಷ್ಟರಲ್ಲಿ ಯಾವುದು ಯಾವುದೆಂಬುದು ಕಲಸಿಹೋಗುತ್ತದೆ.

ಜನವರಿಯ ಬೆಳಗು. ಮಂಜು ಈಗಷ್ಟೇ ಕರಗಿದೆ. ಹೊಳೆಮತ್ತಿ ಮರಗಳ ಬೇರುಗಳು ಬರಿಮೈಯಲ್ಲಿ ನೀರಿಗಿಳಿದಿವೆ. ಬಂಡೆಯೊಂದರ ಮೇಲೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಹಾಕಿಕೊಂಡಿದೆ. ಅದರಾಚೆ ನೀವು ಮರದ ದಿಮ್ಮಿ ಅಂದುಕೊಂಡದ್ದು ಬಾಯಿ ತೆರೆಯುತ್ತದೆ.

"ಬಿಸ್ಲು ಕಾಯ್ತಾವ್ನೆ. ನಮ್ ತಂಟೆಗೆ ಬರಕಿಲ್ಲ," ಅನ್ನುತ್ತಾನೆ ಅಂಬಿಗ, ಪಕ್ಕದ ಮನೆಯವನ ಬಗ್ಗೆ ಹೇಳುವಂತೆ. ಅಂಚಿನ ಮೇಲಿದ್ದ ನಿಮ್ಮ ಕೈ ತಾನಾಗಿ ಒಳಕ್ಕೆ ಬರುತ್ತದೆ.

ತಿರುವು ದಾಟಿದ್ದೇ ನೀರಿನ ಸದ್ದು ನಿಲ್ಲುತ್ತದೆ. ಬಂಡೆಗಳ ನಡುವೆ ಕಪ್ಪಗೆ ಹಸಿರಾದ ಮಡು. ಅಂಬಿಗ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ದನಿ ತಗ್ಗಿಸುತ್ತಾನೆ. "ಕೆಳ್ಗೆ ಬಿಳಿಮೀನವೆ ಸಾ."

ಹೊರಗಿನವರು ಮಹಶೀರ್ ಅನ್ನುವುದು ಇದನ್ನೇ. ಬ್ರಿಟಿಷರ ಕಾಲದಿಂದ ಗಾಳದ ಶೋಕಿಯವರು ಕಾವೇರಿಗೆ ಬಂದದ್ದು ಇದರ ಬೆನ್ನು ಹತ್ತಿ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆಯವರೊಬ್ಬರು ಹಿಡಿದ ಮೀನು 120 ಪೌಂಡ್ ತೂಗಿತ್ತು. 54 ಕಿಲೋ, ಒಬ್ಬ ಆಳಿನ ತೂಕ. ಗಾಳಕ್ಕೆ ಸಿಕ್ಕಿಸುತ್ತಿದ್ದದ್ದು ಏನು ಗೊತ್ತೆ? ಬೇಯಿಸಿದ ರಾಗಿ ಹಿಟ್ಟಿನ ಉಂಡೆ. ಈ ಸೀಮೆಯ ಮೀನಿಗೆ ಮುದ್ದೆಯಲ್ಲದೆ ಇನ್ನೇನು ರುಚಿಸೀತು! ಅಷ್ಟೆಲ್ಲ ಹಿಡಿದು ತೂಗಿದ, ಕಿತ್ತಳೆ ರೆಕ್ಕೆಯ ಈ ಡುಬ್ಬದ ಮೀನಿನ ಶಾಸ್ತ್ರೀಯ ಹೆಸರು ಮಾತ್ರ ಖಚಿತವಾದದ್ದು 2018ರಲ್ಲಿ: ಟಾರ್ ರೆಮದೇವಿ. ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿದ್ದೂ ಅದೇ ವರ್ಷ. ನಾಮಕರಣದ ದಿನವೇ ಜಾತಕ ನೋಡಿ ತಲೆಯಾಡಿಸಿದಂತೆ.

"ನಮ್ಮಪ್ಪ ಮದ್ದು ಸಿಡಿಸಿ ಹಿಡೀತಿದ್ದ. ಆಮ್ಯಾಕೆ ಗಾಳದ ಕ್ಯಾಂಪ್‌ನೋರು ಅವನ್ನೇ ಮೀನ್ ಕಾಯೋಕೆ ಇಟ್ಕಂಡ್ರು."

ಬಗ್ಗಿ ನೋಡುತ್ತೀರಿ. ನಿಮ್ಮ ಮುಖ, ಅದರ ಹಿಂದೆ ಆಕಾಶ. ಆಮೇಲೆ ಆಳದಲ್ಲಿ ಏನೋ ಒಮ್ಮೆ ಹೊರಳಿ ಬಂಗಾರದಂತೆ ಹೊಳೆದು ಆರಿಹೋಗುತ್ತದೆ. ಮೀನೋ, ಬಿಸಿಲೋ?

ಅಂಬಿಗನ ಕಣ್ಣು ದಡದ ಕಲ್ಲಿನ ಮೇಲಿದೆ. ಆಗ ಒಣಗಿದ್ದ ಗೆರೆ ಈಗ ಒದ್ದೆ. "ಬ್ಲಫ್‌ನಾಗೆ ನೀರ್ ಬುಟ್ಟವ್ರೆ." ಬ್ಲಫ್ ಎಂದರೆ ಮೇಲುಗಡೆಯ ಶಿವನಸಮುದ್ರದ ವಿದ್ಯುದಾಗಾರ, 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ್ದು ಅದೇ. ಮೋಡವಿಲ್ಲ, ಮಳೆಯಿಲ್ಲ, ಕಾಡಿನ ನಡುವಿನ ಈ ಹೊಳೆ ಯಾವುದೋ ಪಾಳಿಯ ಲೆಕ್ಕಕ್ಕೆ ಉಬ್ಬುತ್ತದೆ.

ಮಡು ಮುಗಿಯುತ್ತದೆ. ಮುಂದೆ ಬಿಳಿ ನೊರೆ, ಮೊರೆತ. "ಗಟ್ಟಿಯಾಗಿ ಹಿಡ್ಕಳಿ!" ತೆಪ್ಪ ಬುಗುರಿಯಾಗುತ್ತದೆ. ಮರ, ಬಂಡೆ, ಅಂಬಿಗನ ಬೆನ್ನು, ಮರ, ಬಂಡೆ. ಒಂದು ಬೊಗಸೆ ಕಾವೇರಿ ನಿಮ್ಮ ಮಡಿಲಿಗೆ ಬೀಳುತ್ತದೆ. ಹುಟ್ಟು ಎರಡೇ ಸಲ ಆಡಿತು, ಅಷ್ಟೆ; ತಳ ಮರಳಿಗೆ ತಾಗಿ ಕರ್ರೆನ್ನುತ್ತದೆ.

ದಡದಲ್ಲಿ ಹಸಿ ಆನೆಲದ್ದಿ, ಅದರಾಚೆ ನಿಮ್ಮನ್ನು ಕರೆದೊಯ್ಯಲು ಬಂದ ಜೀಪು. ಈ ಸೆಳವಿಗೆ ಎದುರಾಗಿ ತೆಪ್ಪ ಏರುವುದಿಲ್ಲ. ಅಂಬಿಗ ಅದನ್ನು ಮಗುಚಿ, ನೀರು ಬಸಿದು, ತಲೆಯ ಮೇಲೆ ಕವುಚಿಕೊಳ್ಳುತ್ತಾನೆ. ಜೀಪು ಹೊರಟಾಗ ತಿರುಗಿ ನೋಡುತ್ತೀರಿ: ಎರಡು ಕಾಲಿನ ಕರಿ ಆಮೆಯೊಂದು ಹೊಳೆಯಂಚು ಹಿಡಿದು ಮೇಲಕ್ಕೆ ನಡೆಯುತ್ತಿದೆ.