ಬರಿದಾದ ಸಮಾಧಿಯ ಊರಿನಲ್ಲಿ ಒಂದು ಹಗಲು

ತಂಡದೊಡನೆ ಕೈಗೊಳ್ಳುವ ಪ್ರವಾಸದಲ್ಲಿ ಸೌಕರ್ಯವೂ ಉಂಟು, ಪಾರತಂತ್ರ್ಯವೂ ಉಂಟು. ಊಟ ವಸತಿಗಳ ಚಿಂತೆ ಇರುವುದಿಲ್ಲ. ಆದರೆ ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕೆಂಬುದನ್ನು ವ್ಯವಸ್ಥಾಪಕನ ಕೈಗಡಿಯಾರವೇ ನಿರ್ಣಯಿಸುತ್ತದೆ. ಬೆಂಗಳೂರಿನಿಂದ ಹೊರಟ ಮೂವತ್ತೆರಡು ಜನರ ತಂಡವೊಂದಕ್ಕೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ದೊರೆತದ್ದು ಒಂದೇ ಹಗಲು. ಆ ತಂಡದಲ್ಲಿ ನಿವೃತ್ತ ಕನ್ನಡ ಉಪಾಧ್ಯಾಯರೊಬ್ಬರಿದ್ದರು. ಮಗನ ಒತ್ತಾಯಕ್ಕೆ ಹೊರಟವರಾದರೂ, ಕಾರ್ಯಕ್ರಮದ ಪಟ್ಟಿಯಲ್ಲಿ ಈ ಊರಿನ ಹೆಸರನ್ನು ಕಂಡಂದಿನಿಂದ ಅವರಿಗೊಂದು ಹಂಬಲ ಹುಟ್ಟಿತ್ತು. ಇದು ಮಹಾಕವಿ ಡಾಂಟೆ 1265ರಲ್ಲಿ ಜನಿಸಿದ ಊರು.

ದೊಡ್ಡ ಬಸ್ಸುಗಳಿಗೆ ಹಳೆಯ ಊರಿನೊಳಗೆ ಪ್ರವೇಶವಿಲ್ಲವಾದ್ದರಿಂದ ಎಲ್ಲರೂ ನಡೆದೇ ಸಾಗಿದರು. ಮುಂದೆ ಪುಟ್ಟ ಬಾವುಟ ಹಿಡಿದ ಮಾರ್ಗದರ್ಶಿನಿ. ಅವಳ ಮಾತು ಎಲ್ಲರ ಕಿವಿಗೆ ಸಿಕ್ಕಿಸಿದ ಯಂತ್ರದಲ್ಲಿ. ಪ್ರಧಾನ ದೇವಾಲಯದ ಗುಮ್ಮಟವನ್ನು ಬ್ರುನೆಲ್ಲೆಸ್ಕಿ ಎಂಬ ಶಿಲ್ಪಿ 1420ರಿಂದ 1436ರವರೆಗೆ, ನೆಲದಿಂದ ಮರದ ಆಧಾರಗಳನ್ನು ಎಬ್ಬಿಸದೆಯೇ ಕಟ್ಟಿದನೆಂಬುದನ್ನು ಕೇಳಿ ಎಲ್ಲರೂ ಕತ್ತೆತ್ತಿ ನೋಡಿದರು. ಎದುರಿಗಿರುವ ಎಂಟು ಮೂಲೆಯ ಪ್ರಾಚೀನ ಮಂದಿರವೇ ಡಾಂಟೆ ಶಿಶುವಾಗಿದ್ದಾಗ ದೀಕ್ಷಾಸ್ನಾನ ಪಡೆದ ಸ್ಥಳ. ಅದರ ಸ್ವರ್ಣದ್ವಾರದ ಮುಂದೆ ಛಾಯಾಚಿತ್ರಗಳಿಗಾಗಿ ನೂಕುನುಗ್ಗಲು. ಗಿಬರ್ಟಿ ರಚಿಸಿದ ಮೂಲ ದ್ವಾರವನ್ನು ಹತ್ತಿರದ ವಸ್ತುಸಂಗ್ರಹಾಲಯಕ್ಕೆ ಒಯ್ದು ಬಹುಕಾಲವಾಯಿತು. ಈಗ ಅಲ್ಲಿರುವುದು ಪ್ರತಿಕೃತಿ. ಚಿತ್ರ ತೆಗೆಯುವವರ ಉತ್ಸಾಹಕ್ಕೆ ಅದರಿಂದೇನೂ ಕುಂದು ಬರಲಿಲ್ಲವೆನ್ನಿ.

ಉಪಾಧ್ಯಾಯರ ಕಣ್ಣು ಮಾತ್ರ ಬೀದಿಯ ಗೋಡೆಗಳ ಮೇಲಿತ್ತು. ಆ ನಗರದ ಹಲವು ಕಟ್ಟಡಗಳಿಗೆ, ಕಾವ್ಯದಲ್ಲಿ ಪ್ರಸ್ತಾಪವಾಗಿರುವ ಸ್ಥಳಗಳಲ್ಲಿಯೇ, ಡಾಂಟೆಯ ಪಂಕ್ತಿಗಳನ್ನು ಕೆತ್ತಿದ ಕಲ್ಲುಫಲಕಗಳನ್ನು ಕೂರಿಸಿದ್ದಾರೆ. ಶಾಸನಗಳಲ್ಲಿ ದಾನದತ್ತಿಗಳನ್ನೂ ಬಿರುದಾವಳಿಗಳನ್ನೂ ಓದಿ ಬಲ್ಲ ಅವರಿಗೆ ಕಾವ್ಯವೇ ಶಾಸನವಾದ ಊರು ಹೊಸ ನೋಟವಾಯಿತು. ಅರ್ಥ ತಿಳಿಯದಿದ್ದರೂ ಅಕ್ಷರಗಳ ಮೇಲೆ ಬೆರಳಾಡಿಸಿ, ಅಂತ್ಯಪ್ರಾಸ ಎಲ್ಲೆಲ್ಲಿ ಕೂಡುತ್ತದೆಂದು ಎಣಿಸುತ್ತ ನಿಂತರು. ಅಷ್ಟರಲ್ಲಿ ಬಾವುಟ ಮುಂದಿನ ಬೀದಿಗೆ ತಿರುಗಿಬಿಟ್ಟಿತ್ತು.

ಪಂಡಿತರ ಭಾಷೆ ಲ್ಯಾಟಿನ್ ಆಗಿದ್ದ ಕಾಲದಲ್ಲಿ ಡಾಂಟೆ ತನ್ನ ಮಹಾಕಾವ್ಯಕ್ಕೆ ಆರಿಸಿಕೊಂಡದ್ದು ತಾಯಂದಿರು ಆಡುವ ಟಸ್ಕನಿಯ ನುಡಿಯನ್ನು. ಅದೇ ಮುಂದೆ ಇಟಾಲಿಯನ್ ಸಾಹಿತ್ಯಭಾಷೆಗೆ ತಳಹದಿಯಾಯಿತು. ದೇಶಭಾಷೆಯ ಹಿರಿಮೆಯನ್ನು ಪ್ರತಿಪಾದಿಸುವ ಗ್ರಂಥವೊಂದನ್ನೂ ಆತ ಆರಂಭಿಸಿದ. ವಿದ್ವಾಂಸರು ಓದಲೆಂದು ಅದನ್ನು ಲ್ಯಾಟಿನ್‌ನಲ್ಲಿಯೇ ಬರೆದ. ಮಾರ್ಗ ದೇಸಿಗಳ ಚರ್ಚೆಯನ್ನು ಬಲ್ಲ ಕನ್ನಡಿಗರಿಗೆ ಆ ಜಾಣ್ಮೆ ಥಟ್ಟನೆ ಅರ್ಥವಾದೀತು.

ಮಧ್ಯಾಹ್ನದ ಊಟದಲ್ಲಿ ಬ್ರೆಡ್ಡು ಸಪ್ಪೆಯೆಂದು ತಂಡದ ಹೆಂಗಸರು ಚಟ್ನಿಪುಡಿಯ ಡಬ್ಬಿಗಳನ್ನು ಹೊರತೆಗೆದರು. ಮಾರ್ಗದರ್ಶಿನಿ ನಕ್ಕು, ಈ ಸೀಮೆಯವರು ಹಿಂದಿನಿಂದಲೂ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲವೆಂದಳು. ಉಪಾಧ್ಯಾಯರು ಕೈಯಲ್ಲಿದ್ದ ತುಣುಕನ್ನು ನೋಡುತ್ತ ಸುಮ್ಮನಾದರು. ಪರರ ಮನೆಯ ರೊಟ್ಟಿಯ ಉಪ್ಪನ್ನು ಕುರಿತು ಡಾಂಟೆ ತನ್ನ ಪೂರ್ವಜನ ಬಾಯಿಂದ ಭವಿಷ್ಯ ನುಡಿಸುವ ಸಂದರ್ಭವನ್ನು ಅವರು ಅನುವಾದದಲ್ಲಿ ಓದಿದ್ದರು. ಅದು ಬರಿಯ ಅಲಂಕಾರವೆಂದು ಇಷ್ಟು ವರ್ಷ ಭಾವಿಸಿದ್ದ ಮಾತಿನ ಹಿಂದೆ ಒಂದು ಊರಿನ ಅಡುಗೆಮನೆಯೇ ಇತ್ತು.

ಸಂತ ಕ್ರೋಚೆ ದೇವಾಲಯವನ್ನು ಹೊರಗಿನಿಂದ ತೋರಿಸುವುದಷ್ಟೇ ಕಾರ್ಯಕ್ರಮದಲ್ಲಿತ್ತು. ಉಳಿದ ಒಂದು ಗಂಟೆ ಚರ್ಮದ ಸಾಮಾನುಗಳ ಅಂಗಡಿಗೆ ಮೀಸಲು. ಉಪಾಧ್ಯಾಯರು ಒಳಗೆ ಹೋಗಬೇಕೆಂದರು.

“ಮೇಷ್ಟ್ರೇ, ಟಿಕೆಟ್ಟಿಗೆ ದುಡ್ಡು ದಂಡ. ಡಾಂಟೆ ಸಮಾಧಿ ಅಂತ ಹೆಸರೇ ಹೊರತು ಒಳಗೆ ಖಾಲಿ,” ಎಂದ ವ್ಯವಸ್ಥಾಪಕ.

“ಖಾಲಿಯಾಗಿರುವುದನ್ನೇ ನೋಡಬೇಕಾಗಿದೆ ತಮ್ಮಾ,” ಎಂದು ಅವರು ಟಿಕೆಟ್ಟಿನ ಸಾಲಿನಲ್ಲಿ ನಿಂತರು.

ಮೈಕೆಲಾಂಜೆಲೋ, ಗೆಲಿಲಿಯೋ, ಮೆಕಿಯವೆಲ್ಲಿ ಇವರೆಲ್ಲ ಅಲ್ಲಿ ಚಿರನಿದ್ರೆಯಲ್ಲಿದ್ದಾರೆ. ಅವರ ನಡುವೆ ಹತ್ತೊಂಬತ್ತನೆಯ ಶತಮಾನದಲ್ಲಿ ನಿಲ್ಲಿಸಿದ ಡಾಂಟೆಯ ಸ್ಮಾರಕ. ಮೇಲೆ ಕವಿ ಕುಳಿತಿದ್ದಾನೆ. ಒಂದು ಬದಿಯಲ್ಲಿ ಇಟಲಿ ಮಾತೆ ಕೈಯೆತ್ತಿ ಅವನನ್ನು ತೋರಿಸುತ್ತಿದ್ದಾಳೆ. ಇನ್ನೊಂದು ಬದಿಯಲ್ಲಿ ಕಾವ್ಯದೇವಿ ಬರಿದಾದ ಪೆಟ್ಟಿಗೆಯ ಮೇಲೆ ಬಾಗಿ ಅಳುತ್ತಿದ್ದಾಳೆ. 1300ರಲ್ಲಿ ನಗರದ ಆಡಳಿತಗಾರರಲ್ಲೊಬ್ಬನಾಗಿದ್ದ ಡಾಂಟೆಯ ಮೇಲೆ ಎದುರು ಪಕ್ಷದವರು ಲಂಚದ ಆರೋಪ ಹೊರಿಸಿ 1302ರಲ್ಲಿ ಗಡೀಪಾರು ಮಾಡಿದರು. ಮರಳಿ ಬಂದರೆ ಜೀವಂತ ಸುಡಬೇಕೆಂದು ತೀರ್ಪಿತ್ತರು. ಆತ ಮರಳಲಿಲ್ಲ. ಊರೂರು ಅಲೆದು, ಕಾವ್ಯವನ್ನು ಮುಗಿಸಿ, 1321ರಲ್ಲಿ ರವೆನ್ನಾ ನಗರದಲ್ಲಿ ತೀರಿಕೊಂಡ.

ಆಮೇಲೆ ಊರಿಗೆ ಪಶ್ಚಾತ್ತಾಪ ಹುಟ್ಟಿತು. 1373ರಲ್ಲಿ ನಗರಾಡಳಿತವೇ ವೇತನ ಕೊಟ್ಟು ಬೊಕಾಚಿಯೋವಿನಿಂದ ಡಾಂಟೆಯ ಕಾವ್ಯಕ್ಕೆ ಸಾರ್ವಜನಿಕ ವ್ಯಾಖ್ಯಾನ ಮಾಡಿಸಿತು. 1519ರಲ್ಲಿ ಅಸ್ಥಿಗಳನ್ನು ತರಲು ಫ್ಲಾರೆನ್ಸಿನವನೇ ಆದ ಹತ್ತನೆಯ ಲಿಯೋ ಪೋಪ್ ಅನುಮತಿಯಿತ್ತ. ಗೋರಿಯನ್ನು ತಾನೇ ಕಡೆದುಕೊಡುವೆನೆಂದು ಮೈಕೆಲಾಂಜೆಲೋ ಮನವಿಗೆ ಸಹಿ ಹಾಕಿದ. ಹೋಗಿ ತೆರೆದು ನೋಡಿದರೆ ರವೆನ್ನಾದ ಪೆಟ್ಟಿಗೆಯೂ ಬರಿದು! ಅಲ್ಲಿನ ಸಂನ್ಯಾಸಿಗಳು ಗೋಡೆಗೆ ಕನ್ನ ಕೊರೆದು ಅಸ್ಥಿಗಳನ್ನು ಮೊದಲೇ ಬಚ್ಚಿಟ್ಟಿದ್ದರು. ಹುಟ್ಟೂರು ಹೊರದೂಡಿದವನನ್ನು ಆಶ್ರಯವಿತ್ತ ಊರು ಬಿಟ್ಟುಕೊಡಲೊಪ್ಪಲಿಲ್ಲ. ನ್ಯಾಯವೂ ಅದರ ಕಡೆಗೇ ಇತ್ತು. ಅಸ್ಥಿಗಳು ಮತ್ತೆ ಸಿಕ್ಕಿದ್ದು 1865ರಲ್ಲಿ, ಕವಿಯ ಆರುನೂರನೆಯ ಜಯಂತಿಯ ವರ್ಷ. ಅದೇ ವರ್ಷ ಫ್ಲಾರೆನ್ಸ್ ತನ್ನ ಚೌಕದಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಿ ತೃಪ್ತಿಪಟ್ಟಿತು. 2008ರಲ್ಲಿ ನಗರಸಭೆ ಹಳೆಯ ಶಿಕ್ಷೆಯನ್ನು ರದ್ದುಪಡಿಸುವ ನಿರ್ಣಯವನ್ನೂ ಮಾಡಿತು.

ಉಪಾಧ್ಯಾಯರು ಹೊರಬಂದಾಗ ಮಾರ್ಗದರ್ಶಿನಿ ಪ್ರತಿಮೆಯ ಬಳಿ ಕಾಯುತ್ತಿದ್ದಳು. ಪ್ರತಿ ವರ್ಷ ಸೆಪ್ಟೆಂಬರ್ ತಿಂಗಳಲ್ಲಿ ಫ್ಲಾರೆನ್ಸಿನವರು ರವೆನ್ನಾದ ಸಮಾಧಿಯ ದೀಪಕ್ಕೆ ಆಲಿವ್ ಎಣ್ಣೆಯನ್ನು ಒಯ್ದು ಕೊಡುವರೆಂದು ತಿಳಿಸಿದಳು. “ರವೆನ್ನಾ ನಮ್ಮ ದಾರಿಯಲ್ಲಿ ಸಿಗುವುದೇ ತಾಯಿ?” ಎಂದು ಇವರು ಕೇಳಿದರು. ಅದು ಪರ್ವತಶ್ರೇಣಿಯ ಆಚೆ, ಪೂರ್ವ ಸಮುದ್ರದ ಕಡೆಗೆ. ತಂಡ ಹೋಗಬೇಕಾದದ್ದು ದಕ್ಷಿಣಕ್ಕೆ, ರೋಮಿಗೆ. ವ್ಯವಸ್ಥಾಪಕ ತಲೆಯೆಣಿಕೆಗೆ ತೊಡಗಿದ್ದ. ಉಪಾಧ್ಯಾಯರು ಮಾರ್ಗದರ್ಶಿನಿಯ ಕೈಯಿಂದಲೇ ‘ರವೆನ್ನಾ’ ಎಂಬ ಹೆಸರನ್ನು ಟಿಕೆಟ್ಟಿನ ಹಿಂಬದಿಯಲ್ಲಿ ಬರೆಸಿಕೊಳ್ಳುತ್ತಿದ್ದರು.